ಮೂಲ ಮುಟ್ಟದ ಟಿಪ್ಪಣಿ

ಮೈಸೂರಿನ ಉದಯಗಿರಿಯಂಥ ಬಡಾವಣೆಯಲ್ಲಿ ಮದರಸಾದ ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ ಓದಿ ಆಲಿಮ್, ಅಂದರೆ ಧರ್ಮವಿದ್ವಾಂಸ, ಆಗಹೊರಟ ಹುಡುಗನ ಕೈಗೆ ಒಂದಲ್ಲ ಒಂದು ವರ್ಷ ಕುರ್‌ಆನಿನ ವ್ಯಾಖ್ಯಾನವಾದ ‘ತಫ್ಸೀರ್ ಜಲಾಲೈನ್’ ಬರುತ್ತದೆ. ಜಲಾಲುದ್ದೀನ್ ಮಹಲ್ಲಿ ಶುರುಮಾಡಿ 1459ರಲ್ಲಿ ತೀರಿಕೊಂಡರು. ಉಳಿದುದನ್ನು ಶಿಷ್ಯ ಜಲಾಲುದ್ದೀನ್ ಸುಯೂತಿ ಮುಗಿಸಿದರು. ಇಬ್ಬರು ಜಲಾಲರ ಪುಸ್ತಕವಾದ್ದರಿಂದ ಆ ಹೆಸರು. ಅದರ ಒಂದು ಪುಟ ಬಿಡಿಸಿದರೆ ಕುರ್‌ಆನಿನ ಎರಡು ಪದ, ಅದರ ಬೆನ್ನಿಗೇ ವಿವರಣೆಯ ನಾಲ್ಕು ಪದ, ಮತ್ತೆ ಕುರ್‌ಆನಿನ ಒಂದು ಪದ, ಹೀಗೆ ಒಂದೇ ಸಾಲಿನಲ್ಲಿ ಮೂಲವೂ ವ್ಯಾಖ್ಯಾನವೂ ಹೆಣೆದುಕೊಂಡು ಹೋಗುತ್ತವೆ. ಯಾವುದು ದೇವರ ಮಾತು, ಯಾವುದು ಮನುಷ್ಯನದು ಎಂದು ತಿಳಿಯಲು ಆವರಣ ಚಿಹ್ನೆಯೋ ಮೇಲೆಳೆದ ಗೆರೆಯೋ ಇರುತ್ತದೆ. ಹಳೆಯ ಭಾರತೀಯ ಕಲ್ಲಚ್ಚಿನ ಪ್ರತಿಗಳಲ್ಲಿ ಇದು ಸಾಲದೆಂಬಂತೆ ಪುಟದ ಸುತ್ತ ಹಾಶಿಯಾ, ಅಂದರೆ ಅಂಚಿನ ಟಿಪ್ಪಣಿ, ಓರೆಯಾಗಿ ಏರಿಳಿಯುತ್ತದೆ.

ಈ ಪುಸ್ತಕದ ಬಗ್ಗೆ ಒಂದು ಸೊಗಸಾದ ಸಂಗತಿ ದಾಖಲಾಗಿದೆ. ಕುರ್‌ಆನ್ ಪ್ರತಿಯನ್ನು ಮುಟ್ಟಲು ವುಜೂ, ಅಂದರೆ ಕೈಕಾಲು ಮುಖ ತೊಳೆಯುವ ಶುದ್ಧಿ, ಬೇಕೆಂಬುದು ಬಹುಪಾಲು ಧರ್ಮಶಾಸ್ತ್ರಜ್ಞರ ಮತ. ಹಾಗಾದರೆ ವ್ಯಾಖ್ಯಾನ ಬೆರೆತ ಪ್ರತಿಯನ್ನು? ಯೆಮನ್‌ನ ವಿದ್ವಾಂಸರೊಬ್ಬರು ಜಲಾಲೈನ್‌ನ ಅಕ್ಷರಗಳನ್ನೂ ಕುರ್‌ಆನಿನ ಅಕ್ಷರಗಳನ್ನೂ ಎಣಿಸಿದರಂತೆ. ‘ಮುಝ್ಝಮ್ಮಿಲ್’ ಅಧ್ಯಾಯದವರೆಗೆ ಎರಡೂ ಸಮ. ಅದರಾಚೆಗೆ ವ್ಯಾಖ್ಯಾನದ ಅಕ್ಷರಗಳೇ ಹೆಚ್ಚು. ಆದ್ದರಿಂದ ಇಡೀ ಪುಸ್ತಕವನ್ನು ವುಜೂ ಇಲ್ಲದೆಯೂ ಹಿಡಿಯಬಹುದು ಎಂದು ಅವರು ತೀರ್ಮಾನಿಸಿದರು. ನಗು ಬರಿಸುವ ಲೆಕ್ಕದಂತೆ ಕಂಡರೂ ಪ್ರಶ್ನೆ ಗಟ್ಟಿಯಾದದ್ದು. ಮೂಲದ ಜೊತೆ ಇನ್ನೊಬ್ಬರ ಮಾತು ಕೂತಾಗ ಆ ಪುಟ ಯಾರದಾಗುತ್ತದೆ?

ಜಾಲಪುಟಗಳಿಗೆ ಟಿಪ್ಪಣಿ ಬರೆಯುವ ಮುಕ್ತ ತಂತ್ರಾಂಶಗಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿವೆ. ಮೊದಮೊದಲ ಬ್ರೌಸರ್‌ಗಳಲ್ಲಿ ಒಂದಾದ ಮೊಸಾಯಿಕ್‌ನಲ್ಲೇ 1993ರಲ್ಲಿ ಟಿಪ್ಪಣಿಯ ಸೌಲಭ್ಯವಿತ್ತು, ಆದರೆ ಅದು ಉಳಿಯಲಿಲ್ಲ. ಈಗ ಹೆಸರಾಗಿರುವುದು 2011ರಲ್ಲಿ ಡ್ಯಾನ್ ವ್ಹೇಲಿ ಆರಂಭಿಸಿದ ‘ಹೈಪಾಥಿಸಿಸ್’. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಟಿಪ್ಪಣಿಗಳ ಮಾದರಿಯನ್ನು 2017ರ ಫೆಬ್ರವರಿಯಲ್ಲಿ ಅಧಿಕೃತಗೊಳಿಸಿತು. ಕೆಲಸ ನಡೆಯುವ ಬಗೆ ಸರಳ. ಯಾವುದೋ ಪುಟದ ಒಂದು ವಾಕ್ಯವನ್ನು ಆಯ್ದು ಬಣ್ಣ ಹಚ್ಚಿ, ಪಕ್ಕದ ಪಟ್ಟಿಯಲ್ಲಿ ಮಾತು ಬರೆಯಬಹುದು. ಆ ಮಾತು ಪುಟದೊಳಗೆ ಹೋಗುವುದೇ ಇಲ್ಲ. ಬೇರೊಂದು ಸರ್ವರ್‌ನಲ್ಲಿ ಪುಟದ ವಿಳಾಸ, ಆಯ್ದ ಪದಗಳು, ಅವುಗಳ ಹಿಂದುಮುಂದಿನ 32 ಅಕ್ಷರಗಳ ಜೊತೆ ಕೂರುತ್ತದೆ. ಅದೇ ಪುಟವನ್ನು ಅದೇ ತಂತ್ರಾಂಶದೊಡನೆ ತೆರೆದವರಿಗೆ ಮಾತ್ರ ಅದು ತೇಲಿ ಕಾಣುತ್ತದೆ. ಬರೆದವರು ಹೇಳಬಹುದು: ನಾನೇನೂ ಮುಟ್ಟಿಲ್ಲ.

ಆ ‘ಮುಟ್ಟಿಲ್ಲ’ಕ್ಕೆ ಧರ್ಮದ ಜಗತ್ತಿನಲ್ಲಿ ಎಷ್ಟು ಬೆಲೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಲಿಂಗಾಯತ ಗುರು ಮಾತೆ ಮಹಾದೇವಿ ತಮ್ಮ ‘ವಚನ ದೀಪ್ತಿ’ಯಲ್ಲಿ ಬಸವಣ್ಣನ ಅಂಕಿತ ‘ಕೂಡಲಸಂಗಮದೇವ’ವನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಬಸವಣ್ಣನ ನಿಜವಾದ ಇಷ್ಟದೈವ ಲಿಂಗದೇವನೇ ಎಂದು ಅವರು ವಚನದ ಕೆಳಗೆ ನೂರು ಪುಟ ಬರೆದಿದ್ದರೆ ಅದು ಇನ್ನೊಂದು ವ್ಯಾಖ್ಯಾನವಾಗುತ್ತಿತ್ತು, ಬೇಕಾದವರು ಒಪ್ಪುತ್ತಿದ್ದರು, ಬೇಡದವರು ಜಗಳವಾಡುತ್ತಿದ್ದರು. ತಕರಾರು ಬಂದದ್ದು ಕೈ ಅಂಚು ದಾಟಿ ಸಾಲಿಗೆ ಹೋದದ್ದಕ್ಕೆ. ಕುರ್‌ಆನಿನ ಯೂನಿಕೋಡ್ ಪಠ್ಯವನ್ನು ಶುದ್ಧವಾಗಿ ಕೊಡಲು 2007ರಲ್ಲಿ ಶುರುವಾದ ‘ತನ್‌ಝೀಲ್’ ಯೋಜನೆಯ ಷರತ್ತೂ ಇಂಥದ್ದೇ: ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಪಠ್ಯವನ್ನು ಮಾತ್ರ ಬದಲಿಸುವಂತಿಲ್ಲ. ತಂತ್ರಾಂಶದವರ ಭಾಷೆಯಲ್ಲಿ ‘ಮುಕ್ತ’ ಎಂದರೆ ತಿದ್ದುವ ಸ್ವಾತಂತ್ರ್ಯವೂ ಸೇರುತ್ತದೆ. ಇಲ್ಲಿ ಅದಕ್ಕೆ ಬೇಲಿ ಹಾಕಲಾಗಿದೆ.

ಹಾಗಾದರೆ ಹೈಪಾಥಿಸಿಸ್‌ನಂಥ ಉಪಕರಣ ಸಂಪ್ರದಾಯಸ್ಥರಿಗೂ ಒಪ್ಪಿಗೆಯಾಗಬೇಕಲ್ಲ? ಅರ್ಧ ಮಾತ್ರ ಒಪ್ಪಿಗೆಯಾದೀತು.

ಹಳೆಯ ವ್ಯಾಖ್ಯಾನಕಾರನಿಗೆ ಹೊಣೆಯಿತ್ತು. ಮಳಖೇಡದ ಜಯತೀರ್ಥರು ಟೀಕಾಚಾರ್ಯರೆಂದೇ ಪ್ರಸಿದ್ಧರಾದರು. ಮಧ್ವರ ಅನುವ್ಯಾಖ್ಯಾನದ ಮೇಲಿನ ಅವರ ‘ನ್ಯಾಯಸುಧಾ’ವನ್ನು ಇಂದಿಗೂ ಗುರುವಿನೆದುರು ಕೂತು ಪಾಠ ಹೇಳಿಸಿಕೊಂಡು ಮುಗಿಸಿದರೆ ‘ಸುಧಾಮಂಗಳ’ದ ಸಂಭ್ರಮ ನಡೆಯುತ್ತದೆ. ಮದರಸಾದಲ್ಲಿ ಅದಕ್ಕೆ ಹೋಲುವುದು ಇಜಾಜತ್: ಯಾರಿಂದ ಕಲಿತೆ, ಅವರು ಯಾರಿಂದ ಕಲಿತರು ಎಂಬ ಸರಪಳಿಯೊಡನೆ ಸಿಗುವ ಅನುಮತಿ. ಟಿಪ್ಪಣಿ ಬರೆಯುವವನು ಮೂಲಕ್ಕೂ ಗುರುವಿಗೂ ಓದುಗನಿಗೂ ಉತ್ತರ ಹೇಳಬೇಕಿತ್ತು. (ಈ ವ್ಯವಸ್ಥೆ ಯಾರನ್ನು ಹೊರಗಿಟ್ಟಿತ್ತು ಎಂಬುದು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಹಾಗೆಯೇ ವಾಪಸು ಕರೆತರಬೇಕೆಂದು ಯಾರೂ ಕೇಳುತ್ತಿಲ್ಲ.) ಹೈಪಾಥಿಸಿಸ್‌ನಲ್ಲಿ ಯಾವ ಹೆಸರಿನಲ್ಲಾದರೂ ಖಾತೆ ತೆರೆಯಬಹುದು, ಸಾರ್ವಜನಿಕ ಟಿಪ್ಪಣಿಗಳ ಮೇಲಿನ ಹಕ್ಕನ್ನೂ ಬಿಟ್ಟುಕೊಡಲಾಗುತ್ತದೆ. ಅಕ್ಷರಕ್ಕೆ ರಕ್ಷಣೆ ಸಿಕ್ಕಿತು, ಹೊಣೆಗೆ ಸಿಗಲಿಲ್ಲ.

ಮೂಲವನ್ನು ಬರೆದವರು ಬದುಕಿದ್ದಾಗ ತೊಡಕು ಇನ್ನೂ ಹೆಚ್ಚು. 2016ರಲ್ಲಿ ‘ಜೀನಿಯಸ್’ ಎಂಬ ಇಂಥದೇ ಸೇವೆಯ ವಿರುದ್ಧ ಅಮೆರಿಕದಲ್ಲಿ ಲೇಖಕಿಯೊಬ್ಬರು ದನಿಯೆತ್ತಿದರು: ನನ್ನ ಬರಹದ ಮೇಲೆ ನನ್ನನ್ನು ಕೇಳದೆ ಬರೆಯಲು ಇವರಾರು? ಪುಟದ ಒಂದು ಅಕ್ಷರವೂ ಬದಲಾಗಿರಲಿಲ್ಲ, ಆದರೂ ಆಕೆಯ ಮಾತು ಸರಿಯೇ. ಮೂಲವನ್ನು ಮುಟ್ಟದ ಮಾತಿಗೂ ಎಷ್ಟು ಭಾರವಿದೆ ಎಂದು ಉದಯಗಿರಿಗೆ ಹೇಳಿಕೊಡಬೇಕಿಲ್ಲ. 2025ರ ಫೆಬ್ರವರಿ 10ರ ರಾತ್ರಿ ಅಲ್ಲಿನ ಪೊಲೀಸ್ ಠಾಣೆಯೆದುರು ಕಲ್ಲುಗಳು ಹಾರಿದ್ದು ಜಾಲತಾಣದ ಒಂದು ಅವಹೇಳನಕಾರಿ ಪೋಸ್ಟಿನ ಸಿಟ್ಟಿಗೆ. ಕಲ್ಲು ಸರಿಯಲ್ಲ, ಪೋಸ್ಟೂ ಸರಿಯಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಟಿಪ್ಪಣಿ ಮೂಲವನ್ನು ಕಾಯುವುದೂ ಉಂಟು. ಪುಷ್ಪದಂತ, ಭೂತಬಲಿಗಳ ಜೈನ ಆಗಮಗ್ರಂಥ ಷಟ್ಖಂಡಾಗಮದ ಸೂತ್ರಗಳು ನಮಗೆ ದಕ್ಕಿರುವುದು ವೀರಸೇನಾಚಾರ್ಯರ 9ನೇ ಶತಮಾನದ ‘ಧವಲಾ’ ಟೀಕೆಯ ಒಡಲಿನಿಂದ, ಮೂಡುಬಿದಿರೆಯ ಬಸದಿ ಜೋಪಾನ ಮಾಡಿದ ಹಳಗನ್ನಡ ಲಿಪಿಯ ತಾಳೆಗರಿಗಳ ಮೂಲಕ. ಟೀಕೆ ಇಲ್ಲದಿದ್ದರೆ ಸೂತ್ರವೂ ಇಲ್ಲ.

ಹೈಪಾಥಿಸಿಸ್‌ನಲ್ಲೂ ಇದು ನಡೆಯುತ್ತದೆ. ಮೂಲಲೇಖಕ ವಾಕ್ಯವನ್ನು ಅಳಿಸಿದರೆ ಟಿಪ್ಪಣಿಗೆ ನೆಲೆ ತಪ್ಪಿ, ‘ಅನಾಥ’ ಟಿಪ್ಪಣಿಗಳ ಪಟ್ಟಿಗೆ ಸೇರುತ್ತದೆ. ಆದರೆ ಆಯ್ದ ಪದಗಳ ಪ್ರತಿ ಅದರೊಳಗೆ ಇದ್ದೇ ಇರುತ್ತದೆ. ಆಡಳಿತದವರು ಸದ್ದಿಲ್ಲದೆ ತೆಗೆದುಹಾಕಿದ ಭರವಸೆಯ ಸಾಲು ಹೀಗೆ ಉಳಿದರೆ ಅದು ಊರಿಗೆ ಉಪಕಾರ. ಸಿಟ್ಟಿನಲ್ಲಿ ಬರೆದು, ಬೆಳಗ್ಗೆ ನಾಚಿ, ತೌಬಾ (ಪಶ್ಚಾತ್ತಾಪ) ಮಾಡಿ ಅಳಿಸಿದವನ ಸಾಲೂ ಅದೇ ರೀತಿ ಉಳಿಯುತ್ತದೆ. ಅವನು ದೂರು ಕೊಡಬಹುದು. ತೆಗೆಯುವ ಗುಂಡಿ ಮಾತ್ರ ಟಿಪ್ಪಣಿ ಬರೆದವರ ಬಳಿ.