ಬಾಗಿಲ ಹಿಂದಿನ ಕಸ

ಕಣ್ಣಿಗೆ ಮರೆಯಾದ ವಸ್ತುವಿನ ಹೊಣೆ ಅಲ್ಲಿಗೇ ಮುಗಿಯುತ್ತದೆಯೆ? ದೊಡ್ಡದಾಗಿ ತೋರುವ ಈ ಪ್ರಶ್ನೆಯನ್ನು ಬಹಳ ಸಣ್ಣ ಸಾಮಾನೊಂದರ ನೆಪದಿಂದಲೂ ಕೇಳಿಕೊಳ್ಳಬಹುದು. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಬಿಗಿಯುವ ಕಸದ ಚೀಲದ ಚೌಕಟ್ಟೇ ಆ ಸಾಮಾನು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹಾದಿಯ ಮೇಗರವಳ್ಳಿಯಂಥ ಊರುಗಳ ಹೊಸ ಮನೆಗಳಿಗೂ ಈಗ ಸಿಂಕು ಬಂದಿದೆ, ಅದರ ಕೆಳಗೆ ಕಪಾಟು ಬಂದಿದೆ. ಚೌಕಟ್ಟಿಗೂ ಅಲ್ಲಿ ಜಾಗ ಸಿದ್ಧವಾಗಿದೆ.

ಅದನ್ನು ಕೂಡಿಸುವುದು ಕಷ್ಟವಲ್ಲ. ಬಾಗಿಲು ಮುಚ್ಚಿದಾಗ ಸಿಂಕಿನ ಕೊಳವೆಗೆ ತಾಗದಂಥ ಎತ್ತರವನ್ನು ಮೊದಲು ಗುರುತಿಸಿಕೊಳ್ಳಬೇಕು. ಹಲಗೆ 18 ಮಿಲಿಮೀಟರ್ ದಪ್ಪವಿದ್ದರೆ ತಿರುಪುಮೊಳೆ ಅದರೊಳಕ್ಕೆ 15 ಮಿಲಿಮೀಟರಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಹೊರಮೈಯಲ್ಲಿ ಮೂತಿ ತೋರಿಸೀತು. ಚೀಲದ ಭಾರವೆಲ್ಲ ಕೊನೆಗೆ ಬಾಗಿಲ ಕೀಲುಗಳ ಮೇಲೆ ಬೀಳುವುದರಿಂದ ಚೀಲ ಚಿಕ್ಕದಾಗಿರಬೇಕು. ಇಷ್ಟಾದರೆ, ಬಾಗಿಲು ತೆರೆದಾಗ ಚೀಲ ಬಾಯ್ದೆರೆದು ನಿಲ್ಲುತ್ತದೆ. ಮುಚ್ಚಿದಾಗ ಮನೆಯಲ್ಲಿ ಕಸವೇ ಇಲ್ಲ. ಈ ‘ಇಲ್ಲ’ ಎಂಬ ಮಾತೇ ವಿಚಾರಕ್ಕೆ ಎಡೆಗೊಡುವಂಥದು.

ಮಲೆನಾಡಿನ ಹಳೆಯ ಮನೆಯಲ್ಲಿ ಕಸಕ್ಕೆ ಇಂಥ ‘ಇಲ್ಲ’ ಇರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಅಕ್ಕಚ್ಚಿನ ಬಾನಿಗೆ ಬಿದ್ದು ದನಗಳ ಹೊಟ್ಟೆ ಸೇರುತ್ತಿದ್ದವು. ತೆಂಗಿನ ಕರಟ ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಕೊಟ್ಟಿಗೆಯ ಸೊಪ್ಪು, ಸಗಣಿ, ದರಗು ಗೊಬ್ಬರಗುಂಡಿಯಲ್ಲಿ ಕೊಳೆತು ಅಡಿಕೆ ತೋಟಕ್ಕೆ ಹಿಂತಿರುಗುತ್ತಿದ್ದವು. ಬಿಸಾಡಿದ್ದು ಎಲ್ಲಿಗೆ ಹೋಯಿತೆಂದು ಮನೆಯ ಮಕ್ಕಳೂ ಹೇಳಬಲ್ಲವರಾಗಿದ್ದರು.

ಹಾಗೆಂದು ಹಳೆಯದೆಲ್ಲ ಚಿನ್ನವೆನ್ನಲಾಗದು. ಗುಂಡಿಯ ಸುತ್ತ ನೊಣ, ಸೊಳ್ಳೆ ಇದ್ದೇ ಇದ್ದವು. ಗೊಬ್ಬರ ಹೊತ್ತ ತಲೆ ಎಷ್ಟೋ ಮನೆಗಳಲ್ಲಿ ಯಜಮಾನನದಾಗಿರಲಿಲ್ಲ, ಆಳಿನದು, ಹೆಂಗಸರದು. ಕಸ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ನಿಜ. ಕೈ ಮಾತ್ರ ಕೆಲವರದೇ ಆಗಿತ್ತು. ಆದುದರಿಂದ ಮರೆಮಾಡಿದ್ದೇ ತಪ್ಪು, ತೆರೆದಿಟ್ಟದ್ದೇ ಪುಣ್ಯ ಎಂಬ ತೀರ್ಪು ಸುಲಭವಾದೀತೇ ಹೊರತು ಸರಿಯಾಗಲಾರದು. ನೊಣ ಕೂರದಂತೆ ಮುಚ್ಚುವುದು ಶುಚಿತ್ವ. ಮುಚ್ಚಿದೆನೆಂದು ಮರೆಯುವುದು ಬೇರೆ ಮಾತು.

ಮರೆವಿನ ಬೆಲೆಯನ್ನು ಬೇರೆಯವರು ತೆರುತ್ತಾರೆ. ಬೆಂಗಳೂರಿನ ಮನೆಗಳ ಬಾಗಿಲ ಹಿಂದೆ ‘ಇಲ್ಲ’ವಾದ ಕಸ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಬೆಟ್ಟವಾಗಿ ‘ಇದೆ’ ಎಂದಿತು. ಆ ಹಳ್ಳಿಗರು ಎದ್ದುನಿಂತು ಪ್ರತಿಭಟಿಸಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಡಿಸೆಂಬರಿನಲ್ಲಿ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ಹಸಿ ಕಸ, ಒಣ ಕಸ, ಅಪಾಯಕರ ಕಸ ಎಂದು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ನಿಯಮದ ಹಿಂದೆ ಒಂದು ಸರಳ ಸತ್ಯವಿದೆ: ನಾವು ಬೇರ್ಪಡಿಸದಿದ್ದರೆ ಇನ್ನೊಬ್ಬರು ಬೇರ್ಪಡಿಸಬೇಕು. ಒಡೆದ ಗಾಜಿನ ಲೋಟ, ಸವೆದ ಬ್ಲೇಡು, ಇನ್ಸುಲಿನ್ನಿನ ಸೂಜಿ ಇವೆಲ್ಲ ಅನ್ನದ ಮುಸುರೆಯೊಡನೆ ಒಂದೇ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು ಹೋದಾಗ, ಆ ಗಂಟು ಬಿಚ್ಚುವ ಪೌರಕಾರ್ಮಿಕರ ಬೆರಳಿಗೆ ನಮ್ಮ ಪರಿಚಯವಾಗುವುದು ರಕ್ತದಿಂದಲೇ. ನಮ್ಮ ಕಣ್ಣಿಗೆ ಮರೆಮಾಡಿದ್ದನ್ನು ಅವರ ಕೈಗೂ ಮರೆಮಾಡಿದೆವು; ತಪ್ಪಿರುವುದು ಇಲ್ಲಿ.

ಹೀಗೆ ನೋಡಿದರೆ ಬಾಗಿಲ ಹಿಂದಿನ ಚೌಕಟ್ಟು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದರ ಚಿಕ್ಕತನದಲ್ಲಿಯೇ ಒಂದು ಗುಣವಿದೆ: ದಿನಕ್ಕೊಮ್ಮೆ ತುಂಬಿ, ‘ನನ್ನನ್ನು ಎತ್ತು’ ಎಂದು ಮನೆಯವರನ್ನು ಕೇಳುತ್ತದೆ. ಹಸಿ ಕಸಕ್ಕೆ ಚೀಲವೇ ಬೇಡ, ಮುಚ್ಚಳದ ಬುಟ್ಟಿ ಸಾಕು. ಹಿತ್ತಿಲಿದ್ದವರಿಗೆ ಗುಂಡಿ ಇದೆ, ಇಲ್ಲದವರು ಕುಂಡದಲ್ಲಿಯೂ ಗೊಬ್ಬರ ಮಾಡಿಯಾರು. ಚೌಕಟ್ಟಿನ ಚೀಲ ಒಣ ಕಸಕ್ಕಿರಲಿ. ಗಾಜನ್ನೂ ಬ್ಲೇಡನ್ನೂ ಕಾಗದದಲ್ಲಿ ದಪ್ಪವಾಗಿ ಸುತ್ತಿ, ಗುರುತು ಹಾಕಿ, ಕೈಗೆ ಬೇರೆಯಾಗಿಯೇ ಕೊಡೋಣ. ಕೊಡುವಾಗ ಆ ಕೈಯ ಮೇಲಿನ ಮುಖವನ್ನೂ ಒಮ್ಮೆ ನೋಡೋಣ. ಕಪಾಟಿನ ಬಾಗಿಲು ಮುಚ್ಚಿಕೊಂಡಿರಲಿ. ಅದರ ಹಿಂದೆ ಏನಿದೆ, ನಾಳೆ ಅದು ಯಾರ ಕೈ ಸೇರುತ್ತದೆ ಎಂಬುದನ್ನು ಹೇಳಬಲ್ಲವನಿಗೆ ಮುಚ್ಚುವ ಹಕ್ಕೂ ಉಂಟು.