ಹುಲ್ಲಿನ ಋಣ

ಮರ ನಮಗೆ ಉಸಿರು ಕೊಡುತ್ತದೆ, ನೆರಳು ಕೊಡುತ್ತದೆ, ಹಣ್ಣು ಕೊಡುತ್ತದೆ, ಆದ್ದರಿಂದ ಮರಕ್ಕೆ ಕೈಮುಗಿಯಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಚೆನ್ನೈನ ಗಿಂಡಿ ರಾಷ್ಟ್ರೀಯ ಉದ್ಯಾನದ ಮಾತು ಬಂದಾಗಲೂ ಇದೇ ಧಾಟಿ: ಅದು ನಗರದ ಶ್ವಾಸಕೋಶ, ಅದು ಹೋದರೆ ಊರಿನ ಉಸಿರು ಹೋದಂತೆ. ಒಂದು ಮಗ್ಗುಲಿಗೆ ರಾಜ್ಯಪಾಲರ ನಿವಾಸ, ಇನ್ನೊಂದು ಮಗ್ಗುಲಿಗೆ ಐಐಟಿ, ಎದುರಿಗೆ ಸರ್ದಾರ್ ಪಟೇಲ್ ರಸ್ತೆಯ ವಾಹನಗಳ ಸಾಲು. ಇವುಗಳ ನಡುವೆ ಸುಮಾರು 2.7 ಚದರ ಕಿಲೋಮೀಟರ್ ಕಾಡು, ಅದರೊಳಗೆ ಕೃಷ್ಣಮೃಗ, ಚುಕ್ಕಿ ಜಿಂಕೆ, ನರಿ. ಇಂಥದ್ದೊಂದು ಜಾಗ ಮಹಾನಗರದ ಹೊಟ್ಟೆಯೊಳಗೆ ಉಳಿದಿರುವುದೇ ದೊಡ್ಡದು, ಅದನ್ನು ಹೊಗಳುವವರ ಮನಸ್ಸೂ ಒಳ್ಳೆಯದೇ. ಆದರೆ ಅವರು ಕೊಡುವ ಕಾರಣ ಸರಿಯಿಲ್ಲ. ಸುಳ್ಳು ಕಾರಣದ ಮೇಲೆ ನಿಂತ ಭಕ್ತಿ ಮೊದಲ ಲೆಕ್ಕಾಚಾರಕ್ಕೇ ಕುಸಿಯುತ್ತದೆ. ಗಿಡಮರಗಳು ನಮಗೆ ಏನನ್ನೂ ದಾನ ಮಾಡುತ್ತಿಲ್ಲ. ಹಾಗಿದ್ದ ಮೇಲೆ, ಕೊಡುವ ಮನಸ್ಸೇ ಇಲ್ಲದ ಜೀವಕ್ಕೆ ನಾವು ಋಣಿಗಳಾಗಬಲ್ಲೆವೇ? ಆಗಬಲ್ಲೆವು, ಆಗಿದ್ದೇವೆ ಎಂಬುದು ನನ್ನ ವಾದ.

ಮೊದಲು ಉಸಿರಿನ ವಿಷಯ. ಬಿಸಿಲು ಬಿದ್ದ ಎಲೆ ನೀರನ್ನು ಒಡೆಯುತ್ತದೆ. ಅದಕ್ಕೆ ಬೇಕಾದದ್ದು ನೀರಿನಲ್ಲಿರುವ ಹೈಡ್ರೋಜನ್ ಮತ್ತು ಎಲೆಕ್ಟ್ರಾನು. ಆಮ್ಲಜನಕ ಬೇಡವಾಗಿ ಉಳಿದದ್ದು, ಹೊರಗೆ ಹೋಗುತ್ತದೆ. ಹೀಗೆ ಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದಲೇ ಬರುತ್ತದೆ ಎಂದು 1941ರಲ್ಲಿ ರೂಬೆನ್ ಮತ್ತು ಕಾಮೆನ್ ತಮ್ಮ ಸಂಗಡಿಗರೊಡನೆ ಭಾರದ ಆಮ್ಲಜನಕವನ್ನು ಗುರುತಾಗಿ ಬಳಸಿ ತೋರಿಸಿದರು. ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ: ಗಿಡವೂ ಹಗಲಿರುಳು ಉಸಿರಾಡುತ್ತದೆ, ಉದುರಿದ ಎಲೆಯನ್ನು ಕೊಳೆಸುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಬೆಳೆದು ನಿಂತ ಹಳೆಯ ಕಾಡು ವರ್ಷದ ಲೆಕ್ಕದಲ್ಲಿ ಬಿಡುಗಡೆ ಮಾಡಿದ ಆಮ್ಲಜನಕವನ್ನು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತಾನೇ ಬಳಸಿಬಿಡುತ್ತದೆ. ಗಾಳಿಯಲ್ಲಿ ಇಂದು ಇರುವ ಶೇಕಡಾ 21ರಷ್ಟು ಆಮ್ಲಜನಕ ಕೋಟ್ಯಂತರ ವರ್ಷಗಳ ಸಂಗ್ರಹ; ಅದರ ಮೊದಲ ಕಂತು ಕಟ್ಟಿದವು ಮರಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ನೀರಿನಲ್ಲಿದ್ದ ಸೂಕ್ಷ್ಮಜೀವಿಗಳು. ಇವತ್ತಿಗೂ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಸಮುದ್ರದ ಕಣ್ಣಿಗೆ ಕಾಣದ ಪಾಚಿಗಳದ್ದು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಎಂ.ಒ.ಪಿ. ಅಯ್ಯಂಗಾರ್ ಅವರಂಥವರು ಪಾಚಿಗಳ ಅಧ್ಯಯನಕ್ಕೇ ಬದುಕು ಸವೆಸಿದರು. ಉಳಿದ ನಾವು ಪಾಚಿಯನ್ನು ಜಾರಿ ಬೀಳಿಸುವ ಕೊಳೆ ಎಂದಷ್ಟೇ ಬಲ್ಲೆವು. ಗಿಂಡಿಯ ಕಾಡು ಗಾಳಿಯ ಧೂಳನ್ನು ತಡೆಯುತ್ತದೆ, ಸುತ್ತಲ ಕಾವನ್ನು ಇಳಿಸುತ್ತದೆ, ಅದು ನಿಜ. ಚೆನ್ನೈಗೆ ಉಸಿರು ಒದಗಿಸುತ್ತದೆ ಎಂಬುದು ನಿಜವಲ್ಲ.

ಹಾಗಾದರೆ ಗಿಡ ಮಾಡುವುದೇನು? ಬೆಲ್ಜಿಯಂ ನಾಡಿನ ವಾನ್ ಹೆಲ್ಮಾಂಟ್ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡಿಗೆ ಬೆಳೆಯಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಎರಡು ಔನ್ಸಿನಷ್ಟು. ಅವನ ಸಾವಿನ ನಂತರ, 1648ರಲ್ಲಿ ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತಿಳಿದ. ಮರದ ಮೈ ಬಹುಪಾಲು ಗಾಳಿಯಿಂದ ಬಂದದ್ದು ಎಂಬುದು ಅವನಿಗೆ ಹೊಳೆಯಲಿಲ್ಲ. ಗಾಳಿಯನ್ನು ಮೈಯಾಗಿಸಿಕೊಳ್ಳುವ ಈ ಕೆಲಸ ಸಲೀಸಲ್ಲ. ಗಿಂಡಿಯದು ಒಣ ನಿತ್ಯಹರಿದ್ವರ್ಣ ಕಾಡು. ಅಲ್ಲಿಗೆ ಮಳೆ ಮುಖ್ಯವಾಗಿ ಬರುವುದು ಹಿಂಗಾರಿನಲ್ಲಿ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಎಲೆ ತನ್ನ ರಂಧ್ರಗಳನ್ನು ತೆರೆಯಬೇಕು. ತೆರೆದರೆ ಒಂದು ಅಣು ಒಳಬರುವ ಹೊತ್ತಿಗೆ ನೂರಾರು ಅಣು ನೀರು ಆವಿಯಾಗಿ ಹೋಗಿರುತ್ತದೆ. ಮುಚ್ಚಿದರೆ ಹಸಿವು, ತೆರೆದರೆ ಬಾಯಾರಿಕೆ. ಅಲ್ಲಿನ ಪೊದೆಗಿಡಗಳ ಎಲೆ ಚಿಕ್ಕದು, ದಪ್ಪ, ಮೇಣ ಸವರಿದಂತೆ ಹೊಳೆಯುವಂಥದು. ಮೇ ತಿಂಗಳ ಮಧ್ಯಾಹ್ನ ಬಾಯಿ ಬಿಗಿಹಿಡಿದು ಕೂರುತ್ತದೆ, ಬೆಳಗಿನ ತಂಪಿನಲ್ಲಿ ಅಷ್ಟಿಷ್ಟು ದುಡಿದುಕೊಳ್ಳುತ್ತದೆ. ಬಿದ್ದ ಬೆಳಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲಷ್ಟೇ ಸಕ್ಕರೆಯಾಗಿ ಉಳಿಯುತ್ತದೆ. ಆ ಸಕ್ಕರೆ ಬೇರಿಗೆ, ಹೊಸ ಚಿಗುರಿಗೆ, ಬೀಜಕ್ಕೆ. ಅದರಲ್ಲಿ ಜಿಂಕೆಗೆಂದು, ಮನುಷ್ಯನಿಗೆಂದು ತೆಗೆದಿಟ್ಟ ಭಾಗವಿಲ್ಲ. ಕೃಷ್ಣಮೃಗ ಬಂದು ಹುಲ್ಲಿನ ಗರಿಯನ್ನು ಕಚ್ಚಿದಾಗ ಅದು ಇನ್ನೊಬ್ಬರ ಕೂಡಿಟ್ಟ ಬುತ್ತಿಯನ್ನು ಬಿಚ್ಚಿದಂತೆ. ಹುಲ್ಲಿನ ಬೆಳೆಯುವ ಗೆಣ್ಣು ನೆಲಕ್ಕೆ ಅಂಟಿಕೊಂಡಿರುವುದರಿಂದ ಅದು ಮತ್ತೆ ಚಿಗುರುತ್ತದೆ. ಅದು ಔದಾರ್ಯವಲ್ಲ, ತಿನ್ನಿಸಿಕೊಂಡೂ ಬದುಕುವ ಉಪಾಯ.

ಇಲ್ಲಿ ಕನ್ನಡದ ಒಂದು ಮಾತು ನೆರವಿಗೆ ಬರುತ್ತದೆ: ಅನ್ನದ ಋಣ. ಅಕ್ಕಿಗೆ ದುಡ್ಡು ಕೊಟ್ಟೇ ತಂದಿರುತ್ತೇವೆ, ಬೆಳೆದವನು ನಮ್ಮ ಮುಖ ನೋಡಿದವನಲ್ಲ, ನಮಗಾಗಿ ಬೆಳೆದವನೂ ಅಲ್ಲ. ಆದರೂ ಋಣ ಇದೆ ಎನ್ನುತ್ತೇವೆ. ಊರು ಬಿಟ್ಟವರು ಆ ಊರಿನ ಅನ್ನನೀರಿನ ಋಣ ತೀರಿತು ಎನ್ನುತ್ತಾರೆ. ಈ ಬಳಕೆಯಲ್ಲಿ ಕೊಟ್ಟವರ ಉದ್ದೇಶ ಬರುವುದೇ ಇಲ್ಲ. ಋಣ ಹುಟ್ಟುವುದು ಉಂಡವನ ಕಡೆಯಿಂದ. ಇನ್ನೊಬ್ಬರ ದುಡಿಮೆ ನನ್ನ ಮೈಯಾಗಿದೆ ಎಂಬ ಸಂಗತಿಯೇ ಸಾಕು. ಶಾಸ್ತ್ರದ ಪಟ್ಟಿಗಿಂತ ಆಡುಮಾತಿನ ಈ ತಿಳಿವು ಹೆಚ್ಚು ಆಳದ್ದು ಎಂದು ನನಗೆ ತೋರುತ್ತದೆ. ಶತಪಥ ಬ್ರಾಹ್ಮಣ ಹೇಳುವ ಋಣಗಳು ನಾಲ್ಕು: ದೇವತೆಗಳದು, ಋಷಿಗಳದು, ಪಿತೃಗಳದು, ಮನುಷ್ಯರದು. ಅದರಲ್ಲಿ ಹುಲ್ಲಿಗೆ ಜಾಗವಿಲ್ಲ. ಜೀವಿಗಳೆಲ್ಲ ಅನ್ನದಿಂದಲೇ ಹುಟ್ಟುತ್ತವೆ ಎಂದ ತೈತ್ತಿರೀಯ ಉಪನಿಷತ್ತು ಮಾತ್ರ ಈ ಲೆಕ್ಕದ ಬುಡಕ್ಕೆ ಬಂದು ನಿಂತಿತು. ಜೀವರಾಶಿಯಲ್ಲಿರುವ ಇಂಗಾಲವನ್ನು ವಿಜ್ಞಾನಿಗಳು ಅಂದಾಜು ಮಾಡಿದಾಗ ಸಿಕ್ಕಿದ್ದು ಸುಮಾರು 550 ಶತಕೋಟಿ ಟನ್. ಅದರಲ್ಲಿ 450ರಷ್ಟು ಸಸ್ಯಗಳದ್ದೇ, ಮನುಷ್ಯರೆಲ್ಲರದ್ದೂ ಸೇರಿ 0.06. ಉಣ್ಣುವವರು ಎಷ್ಟು ಚಿಕ್ಕವರು, ಅಡುಗೆಮನೆ ಎಷ್ಟು ದೊಡ್ಡದು!

ಆಕ್ಷೇಪ ಬರುತ್ತದೆ. ಉದ್ದೇಶ ಬೇಡವೆಂದರೆ ಸೂರ್ಯನಿಗೂ ಋಣಿ, ಮಳೆಗೂ ಋಣಿ, ಕಲ್ಲುಬಂಡೆಗೂ ಋಣಿ. ಎಲ್ಲಕ್ಕೂ ಋಣಿಯಾದವನು ಯಾವುದಕ್ಕೂ ಋಣಿಯಲ್ಲ. ಇದು ಗಟ್ಟಿ ಆಕ್ಷೇಪ. ಉತ್ತರ ಇರುವುದು ನಷ್ಟದಲ್ಲಿ. ನಾವು ಬಿಸಿಲು ಕಾಯಿಸಿಕೊಂಡರೆ ಸೂರ್ಯನಿಗೆ ಕೊರತೆಯಿಲ್ಲ, ಅವನಿಗೆ ಒಳಿತು ಕೆಡುಕು ಎಂಬುದೂ ಇಲ್ಲ. ಎಲೆಗೆ ಇದೆ. ನೀರು ಸಿಕ್ಕರೆ ಅದು ಚೇತರಿಸಿಕೊಳ್ಳುತ್ತದೆ, ಸಿಗದಿದ್ದರೆ ಬಾಡುತ್ತದೆ. ಅದರ ಬದುಕಿಗೆ ಒಂದು ದಿಕ್ಕಿದೆ, ಆ ದಿಕ್ಕಿಗೆಂದು ಕೂಡಿಟ್ಟದ್ದನ್ನು ನಾವು ತೆಗೆದುಕೊಳ್ಳುತ್ತೇವೆ. ಸೂರ್ಯನಿಗೆ ಕೃತಜ್ಞತೆ ಸಲ್ಲಬಹುದು, ಋಣ ಸಲ್ಲುವುದು ಎಲೆಗೆ. ಮತ್ತೆ ಕೆಲವರು ನೋವಿನ ಮಾತು ತರುತ್ತಾರೆ: ಗಿಡಕ್ಕೆ ನರಮಂಡಲವಿಲ್ಲ, ಮಿದುಳಿಲ್ಲ, ಕತ್ತರಿಸಿದರೆ ನೋಯದು, ಮತ್ತೇನು ಋಣ? ಇದಕ್ಕೆ ಜಗದೀಶ ಚಂದ್ರ ಬೋಸರನ್ನು ಮುಂದಿಟ್ಟು, ಗಿಡಕ್ಕೂ ನೋವಾಗುತ್ತದೆ ಎಂದು ಸಾಧಿಸಹೊರಡುವುದು ಬೇಡ. ಬೋಸರು ತೋರಿಸಿದ್ದು ಸಸ್ಯದಲ್ಲಿ ವಿದ್ಯುತ್ ಪ್ರತಿಕ್ರಿಯೆ ಇದೆ ಎಂಬುದನ್ನು. ಪ್ರತಿಕ್ರಿಯೆ ಇದ್ದಲ್ಲೆಲ್ಲ ನೋವಿದೆ ಎಂದು ಅದರಿಂದ ಸಿದ್ಧವಾಗದು. ಜೈನರು ಸಸ್ಯವನ್ನು ಏಕೇಂದ್ರಿಯ ಜೀವ ಎಂದು ಎಣಿಸಿ, ಗೆಡ್ಡೆಗೆಣಸು ಅಗೆದು ತಿನ್ನುವುದನ್ನು ಬಿಟ್ಟದ್ದು ಹಿಂಸೆ ಕಡಿಮೆಯಾಗಲಿ ಎಂದು. ಆ ಎಚ್ಚರ ದೊಡ್ಡದು. ಆದರೆ ನನ್ನ ವಾದಕ್ಕೆ ನೋವು ಬೇಕಿಲ್ಲ. ನಿದ್ದೆಯಲ್ಲಿರುವವನ ಕಣಜದಿಂದ ಭತ್ತ ಅಳೆದುಕೊಂಡರೆ ಅವನಿಗೆ ನೋವಾಗುವುದಿಲ್ಲ. ತಂದವನು ಸಾಲಗಾರನಾಗದೆ ಇರುವುದೂ ಇಲ್ಲ.

ಇನ್ನೊಂದು ಮಾತು: ಇದು ಕೊಡುಕೊಳುವ ವ್ಯವಹಾರ, ಸಾಲವೆಲ್ಲಿ? ನಾವು ಬಿಟ್ಟ ಉಸಿರನ್ನು ಗಿಡ ತೆಗೆದುಕೊಳ್ಳುತ್ತದೆ, ಜಿಂಕೆಯ ಹಿಕ್ಕೆ ಹುಲ್ಲಿಗೆ ಗೊಬ್ಬರ, ಜೇನುನೊಣ ಪರಾಗ ಹೊರುತ್ತದೆ. ದ್ರವ್ಯದ ಮಟ್ಟಿಗೆ ಇದು ಸರಿ. ಇಂಗಾಲ, ಸಾರಜನಕ ಸುತ್ತಿ ಸುತ್ತಿ ಬರುತ್ತವೆ. ಆದರೆ ಶಕ್ತಿ ಸುತ್ತುವುದಿಲ್ಲ. ಎಲೆ ಹಿಡಿದ ಬೆಳಕು ಹುಲ್ಲಿನಿಂದ ಜಿಂಕೆಗೆ, ಜಿಂಕೆಮರಿಯಿಂದ ನರಿಗೆ ಇಳಿಯುತ್ತ ಮೆಟ್ಟಿಲು ಮೆಟ್ಟಿಲಿಗೂ ಬಹುಪಾಲು ಕಾವಾಗಿ ಚೆಲ್ಲಿಹೋಗುತ್ತದೆ, ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮುಂದಕ್ಕೆ ಸಾಗುತ್ತದೆ. ಮರಳಿ ಎಲೆಗೆ ಒಂದು ಕಿಡಿಯೂ ಬರುವುದಿಲ್ಲ. ಪ್ರಾಣಿಗಳಿಲ್ಲದ ಕಾಲದಲ್ಲೂ ದ್ಯುತಿಸಂಶ್ಲೇಷಣೆ ನಡೆದಿತ್ತು. ದ್ಯುತಿಸಂಶ್ಲೇಷಣೆಯಿಲ್ಲದೆ ನಾವು ಇರಲಿಲ್ಲ. ಸಾಲದು ಎಂಬಂತೆ, ಕಲ್ಲಿದ್ದಲಿನ ರೂಪದಲ್ಲಿ ಹುಗಿದಿದ್ದ ಹಳೆಯ ಕಾಡುಗಳ ದುಡಿಮೆಯನ್ನೂ ಅಗೆದು ಸುಡುತ್ತಿದ್ದೇವೆ. ಇದನ್ನು ಸಮಪಾಲಿನ ವ್ಯವಹಾರ ಎನ್ನುವುದು ಉಂಡ ಮನೆಯ ಲೆಕ್ಕ ತಪ್ಪಿಸಿದಂತೆ.

ತೀರಿಸುವುದು ಹೇಗೆ? ಉಣ್ಣದೆ ಇರಲಾಗದು, ಆದ್ದರಿಂದ ಪೂರ್ತಿ ತೀರಿಸಲಾಗದು. ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯಂದು ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿ ಎಂದೆಣಿಸಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು ತರಕಾರಿಯ ಅಡುಗೆ ಹೊತ್ತೊಯ್ದು ಬಯಕೆ ತೀರಿಸುತ್ತಾರೆ. ಬಯಲುಸೀಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಆ ಅನ್ನದಿಂದ ಪೈರಿಗೆ ಹೊಟ್ಟೆ ತುಂಬದು, ಅವರಿಗೂ ಅದು ಗೊತ್ತು. ಉಣ್ಣುವ ಮೊದಲು ಲೆಕ್ಕ ಒಪ್ಪಿಕೊಳ್ಳುವ ರೀತಿ ಅದು. ನಗರದಲ್ಲಿ ಅದಕ್ಕೆ ಸಮನಾದದ್ದು ಸಿಕ್ಕಸಿಕ್ಕಲ್ಲಿ ಸಸಿ ನೆಡುವುದಲ್ಲ. ಗಿಂಡಿ ಉದ್ಯಾನದೊಳಗೆ ಪೋಲೊ ಮೈದಾನ ಎಂದು ಕರೆಯುವ ಹುಲ್ಲುಬಯಲಿದೆ. ಕೃಷ್ಣಮೃಗಕ್ಕೆ ಬೇಕಾದದ್ದು ಅಂಥ ಬಯಲು. ಅಲ್ಲಿ ಪೊದೆ ಹಬ್ಬಿದರೆ, ಬಳ್ಳಾರಿ ಜಾಲಿಯಂಥದ್ದು ಬೇರೂರಿದರೆ ಹುಲ್ಲಿಗೆ ಬೆಳಕು ತಪ್ಪುತ್ತದೆ, ಮೃಗಕ್ಕೆ ಮೇವು ತಪ್ಪುತ್ತದೆ. ಹಸಿರು ಹೆಚ್ಚಿತೆಂದು ನಾವು ಸಂತೋಷಪಡುವ ಹೊತ್ತಿಗೆ ಒಂದು ಜೀವಪರಿಸರ ಕೈಬಿಟ್ಟಿರುತ್ತದೆ. ಋಣ ತೀರಿಸುವುದೆಂದರೆ ಆಯಾ ನೆಲದ ಸಸ್ಯಕ್ಕೆ ಅದರದೇ ಬೆಳಕು, ನೀರು, ಜಾಗ ಬಿಟ್ಟುಕೊಡುವುದು.

ಆ ಜಾಗದ ಕಥೆಯೂ ನಮ್ಮೆದುರಿಗಿದೆ. 1910ರಲ್ಲಿ ಮೀಸಲು ಅರಣ್ಯವಾದ ಗಿಂಡಿಯ ಕಾಡಿನಿಂದಲೇ ಐಐಟಿಗೆ ನೆಲ ಹೋಯಿತು, ಗಾಂಧಿ ಮಂಟಪಕ್ಕೆ, ರಾಜಾಜಿ ಮತ್ತು ಕಾಮರಾಜರ ಸ್ಮಾರಕಗಳಿಗೆ ನೆಲ ಹೋಯಿತು. ವಿದ್ಯೆಗೆ, ಹಿರಿಯರ ನೆನಪಿಗೆ ಎಂದರೆ ಬೇಡವೆನ್ನುವವರು ಯಾರು? ಋಷಿಋಣವನ್ನೂ ಪಿತೃಋಣವನ್ನೂ ನಾವು ತೀರಿಸಿದ್ದು ಕಾಡಿನ ಖಾತೆಯಿಂದ. ಉಳಿದದ್ದು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಸುಮಾರು 270 ಹೆಕ್ಟೇರ್. ಇನ್ನು ಮುಂದೆ ಯಾವ ಒಳ್ಳೆಯ ಕೆಲಸದ ಹೆಸರಿನಲ್ಲೂ ಅದರಿಂದ ಒಂದು ಗೇಣು ನೆಲವನ್ನು ಕೇಳಬಾರದು.