ದಾರಿಯ ಸರದಿ

ತಮ್ಮ ಮಗುವನ್ನು ಕಾಪಾಡಲೆಂದು ತಾಯಿತಂದೆಗಳು ಮಾಡುವ ಕಾರ್ಯವೊಂದು ಪರರ ಮಕ್ಕಳಿಗೆ ಅಪಾಯವನ್ನು ತರುವುದಾದರೆ, ಅದನ್ನು ವಾತ್ಸಲ್ಯವೆಂದು ಕರೆಯಬಹುದೆ? ಈ ಪ್ರಶ್ನೆ ತರ್ಕಗ್ರಂಥದಿಂದ ಹುಟ್ಟಿದುದಲ್ಲ. ತೇನಿ, ಬೋಡಿನಾಯಕನೂರು, ಕಂಬಂ, ದಿಂಡಿಗಲ್ಲು, ಯಾವ ಊರೇ ಆಗಲಿ, ಬೆಳಗಿನ ಹೊತ್ತು ಶಾಲೆಯ ಬಾಗಿಲಲ್ಲಿ ನಿಲ್ಲುವವರಿಗೆ ಅದು ತಾನಾಗಿಯೇ ಎದುರಾಗುತ್ತದೆ.

“ಬೀದಿಯಲ್ಲಿ ವಾಹನಗಳ ಕಾಟ ವಿಪರೀತ, ಮಗುವನ್ನು ನಡೆಯಲು ಬಿಡುವುದೆಂತು?” ಎಂದು ತಂದೆಯು ಸ್ಕೂಟರನ್ನು ಹೊರಡಿಸುತ್ತಾನೆ. ಅವನ ಭಯ ಸುಳ್ಳಲ್ಲ. ಆದರೆ ಅವನ ಸ್ಕೂಟರೂ ಆ ಕಾಟಕ್ಕೆ ಸೇರಿದ ಒಂದು ಹನಿಯೇ ಅಲ್ಲವೆ? ಅದನ್ನು ಕಂಡ ನೆರೆಮನೆಯವನು ಅಂಜಿ ತಾನೂ ಒಂದನ್ನು ಹೊರಡಿಸುತ್ತಾನೆ. ಭಯವೇ ಭಯವನ್ನು ಹಡೆಯುತ್ತದೆ; ಹನಿಗೂಡಿ ಹಳ್ಳವಾಗುತ್ತದೆ. ಕೊನೆಗೆ ನಡೆದು ಬರುವವರು ಯಾರು? ಮನೆಯಲ್ಲಿ ವಾಹನವಿಲ್ಲದ ಕೂಲಿಯವರ ಮಕ್ಕಳು. ಎಲ್ಲರ ಭಯದ ಭಾರವನ್ನೂ ಹೊರುವವರು ಅವರೇ.

ಮೂರನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವೊಂದುಂಟು. 50 ಮಕ್ಕಳು ಒಂದು ಬಸ್ಸಿನಲ್ಲಿ ಬಂದರೆ ಶಾಲೆಯ ಬೀದಿಯಲ್ಲಿ ಬೆಳಗ್ಗೆ ಒಂದು ವಾಹನ ಬಂದು ಹೋಗುತ್ತದೆ, ಸಂಜೆಯೂ ಹಾಗೆಯೇ. ಒಟ್ಟು 4 ಸಲದ ಓಡಾಟ. ಅವರೇ ಒಬ್ಬೊಬ್ಬರಾಗಿ 50 ಸ್ಕೂಟರುಗಳಲ್ಲಿ ಬಂದರೆ ಅದು 200 ಸಲವಾಗುತ್ತದೆ. ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ, ಬೀದಿ ಕಿರಿದಾಗಲಿಲ್ಲ. ಆದರೂ ಬೀದಿ ತುಂಬಿಹೋಯಿತು.

ರಸ್ತೆಯನ್ನು ಅಗಲ ಮಾಡಿದರೆ ಸಾಲದೆ ಎನ್ನುವವರಿದ್ದಾರೆ. ಅಗಲವಾದ ರಸ್ತೆಯು ಅಷ್ಟೇ ವಾಹನಗಳನ್ನು ಹೊಸದಾಗಿ ಕರೆದುಕೊಳ್ಳುವುದನ್ನು ಲೋಕವೆಲ್ಲ ಕಂಡಿದೆ. ಪ್ರತಿಯೊಬ್ಬನೂ ತನ್ನ ಲಾಭವನ್ನಷ್ಟೇ ನೋಡಿ ದಾರಿಯನ್ನು ಆರಿಸಿಕೊಳ್ಳುವಲ್ಲಿ, ಹೊಸ ದಾರಿಯೊಂದನ್ನು ಸೇರಿಸಿದರೆ ಎಲ್ಲರ ಪ್ರಯಾಣವೂ ಇನ್ನಷ್ಟು ತಡವಾಗುವ ಸಂಭವವುಂಟೆಂದು ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೆಸ್ 1968ರಲ್ಲಿ ತೋರಿಸಿಕೊಟ್ಟನು. ಅಂದಮೇಲೆ ಕೊರತೆಯಿರುವುದು ದಾರಿಯಲ್ಲಿ ಮಾತ್ರವಲ್ಲ.

ತಲೆಮಾರುಗಳಿಂದ ಈ ಕಣಿವೆಯಲ್ಲಿ ನೇಗಿಲು ಹಿಡಿದು, ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದ ನಮ್ಮ ಜನರಿಗೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟವನ್ನು ತೂರಿ ಬಂದು ನಮ್ಮ ಗದ್ದೆಗಳಿಗೆ ಹರಿಯುತ್ತದೆ. ನೀರು ಸಾಲದಾದಾಗ ಒಕ್ಕಲಿಗನು ಸರದಿಗೆ ನಿಲ್ಲುತ್ತಾನೆ. ಸರದಿ ಕಾಯುವುದನ್ನು ಸೋಲೆಂದು ಬಗೆಯುವ ರೈತನಿಲ್ಲ. ಸರದಿಯನ್ನು ಮುರಿದವನೇ ಊರ ಮುಂದೆ ತಲೆ ತಗ್ಗಿಸುತ್ತಾನೆ. ಕಾಲುವೆಯಲ್ಲಿ ಮರ್ಯಾದೆಯೆನಿಸಿದುದು ಬೀದಿಯಲ್ಲಿ ಮಾತ್ರ ಹೇಡಿತನವಾಗುವುದೆ?

ಆದರೆ ಸರದಿಯಲ್ಲಿ ಯಾರು ಮೊದಲು ಸರಿದು ನಿಲ್ಲಬೇಕು? ಇದೇ ನಿಜವಾದ ಧರ್ಮಪ್ರಶ್ನೆ. ಕಂಬಂ, ಬೋಡಿಗಳಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ನಸುಕಿನಲ್ಲಿಯೇ ಜೀಪು ಹತ್ತಿ ಹೋಗುವ ಕೂಲಿ ಹೆಂಗಸರಿಗೆ ಹೊತ್ತನ್ನು ಬದಲಿಸುವ ಅಧಿಕಾರವಿಲ್ಲ. ತಡವಾದರೆ ಆ ದಿನದ ಅನ್ನಕ್ಕೇ ಕುತ್ತು. ಕಂಬಂ ಕಡೆಯಿಂದ ತೇನಿಯ ಆಚೆ ಕಾನಾವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸಾಗುವ ರೋಗಿಗಂತೂ ಕ್ಷಣವೇ ಪ್ರಾಣ. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡವನ್ನು 2019ರ ಕಾನೂನು ತಿದ್ದುಪಡಿ ವಿಧಿಸಿತು. ಆದರೆ ಸರಿಯಲು ಜಾಗವೇ ಇಲ್ಲದಂತೆ ಬೀದಿ ತುಂಬಿರುವಾಗ ದಂಡ ತೆರಬೇಕಾದವನು ಯಾರು? ಆದಕಾರಣ, ಯಾರಿಗೆ ಹೊತ್ತನ್ನೂ ವಾಹನವನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆಯೋ, ಸರಿದು ನಿಲ್ಲುವ ಕರ್ತವ್ಯವೂ ಮೊದಲು ಅವರದೇ ಎಂಬುದು ನಮ್ಮ ನಮ್ರ ಅಭಿಪ್ರಾಯ.

ಇದು ಕೇವಲ ಉಪದೇಶವಾಗಬಾರದು. ಒಂದೇ ಬೀದಿಯ ಎರಡು ಶಾಲೆಗಳು ಇಪ್ಪತ್ತು ನಿಮಿಷದ ಅಂತರದಲ್ಲಿ ಗಂಟೆ ಬಾರಿಸಲು ಹಣ ಬೇಕಿಲ್ಲ. ಇಬ್ಬರು ಮುಖ್ಯೋಪಾಧ್ಯಾಯರು ಕುಳಿತು ಮಾತನಾಡಿದರೆ ಸಾಕು. ಇಟಲಿಯ ಬೋಲ್ಜಾನೊ ಪಟ್ಟಣದಲ್ಲಿ ಶಾಲೆ ಕೂಡುವ ಮತ್ತು ಬಿಡುವ ಹೊತ್ತಿನಲ್ಲಿ ಸ್ವಲ್ಪ ಕಾಲ ಬೀದಿಯನ್ನು ವಾಹನಗಳಿಗೆ ಮುಚ್ಚುವ ಪದ್ಧತಿ ಮೂರು ದಶಕಗಳಿಗೂ ಹಿಂದೆಯೇ ಬಂದಿತು. ನಮ್ಮಲ್ಲಿ ಶಾಲಾಮಕ್ಕಳಿಗೆ ಉಚಿತ ಬಸ್ ಪಾಸು ಉಂಟು. 2021ರಿಂದ ಸಾಮಾನ್ಯ ನಗರ ಬಸ್ಸುಗಳಲ್ಲಿ ಮಹಿಳೆಯರಿಗೂ ಪ್ರಯಾಣ ಉಚಿತ. ಸಮೀಪದ ಮಕ್ಕಳನ್ನು ಒಂದೊಂದು ಬೀದಿಯ ಹಿರಿಯರೊಬ್ಬರು ಸಾಲಾಗಿ ನಡೆಸಿಕೊಂಡು ಬರಬಹುದು. ಇಂದು ನಮ್ಮ ಮನೆಯವರು, ನಾಳೆ ನಿಮ್ಮ ಮನೆಯವರು. ಆಗ ಹತ್ತು ಮಕ್ಕಳಿಗೆ ಒಬ್ಬರೇ ತಾಯಿ. ಒಬ್ಬ ತಾಯಿಗೆ ಹತ್ತು ಮಕ್ಕಳು.

ಹಾಗೆ ನಡೆದರೆ ಅವಸರದ ದಿನ ಕೆಲವರಿಗೆ ಕಷ್ಟವಾದೀತು. ಮಳೆಯ ದಿನ ಮಕ್ಕಳು ನೆನೆದಾರು. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಪರಸ್ಪರ ಸಹಾಯವನ್ನು ಕುರಿತ ಪಾಠವನ್ನು ತರಗತಿಯೊಳಗೆ ಬಾಯಿಪಾಠ ಮಾಡಿಸಿ, ಶಾಲೆಯ ಬಾಗಿಲಲ್ಲಿಯೇ ಅದಕ್ಕೆ ವಿರುದ್ಧವಾದುದನ್ನು ದಿನಕ್ಕೆರಡು ಸಲ ತೋರಿಸಿದರೆ, ಮಕ್ಕಳು ಯಾವುದನ್ನು ಕಲಿತಾರು? ಹೇಳಿದ ಪಾಠಕ್ಕಿಂತ ಕಂಡ ಪಾಠವೇ ಅವರ ಮನಸ್ಸಿನಲ್ಲಿ ಬೇರೂರುತ್ತದೆ. ನಮ್ಮ ಮಗು ಶಾಲೆಗೆ ಮುಟ್ಟಿದರೆ ಸಾಲದು. ನೆರೆಯವನ ಮಗುವೂ ಮುಟ್ಟಬೇಕೆಂಬ ಹಂಬಲ ಹುಟ್ಟಿದಾಗಲೇ ದಾರಿ ಅಗಲವಾಗುವುದು.